‘ರಾಂಗ್’ ಯಾಕೆ ಸೊಟ್ಟ, ‘ಗ್ಲೋ’ ಯಾಕೆ ಹೊಳಪು? ಇಂಗ್ಲಿಷ್ ಪದಗಳ ಬಗ್ಗೆ ಓದುಗರ ಪ್ರಶ್ನೆಗಳು

ಪ್ರಶ್ನೆ: ಬ್ಯಾಂಕ್ ಪರೀಕ್ಷೆಗೆ ಓದುತ್ತಿದ್ದೇನೆ. ಕೋಚಿಂಗ್‌ನಲ್ಲಿ ಕೊಟ್ಟ ಇಂಗ್ಲಿಷ್ ಪದಪಟ್ಟಿಯಲ್ಲಿ ‘ಡಬ್ಲ್ಯು’ ಆದಮೇಲೆ ‘ಆರ್’ ಬರುವ ಪದಗಳ ಪುಟ ತೆಗೆದರೆ ಎಲ್ಲವೂ ಒಂದೇ ಥರ ಕಾಣುತ್ತವೆ, ಅರ್ಥ ಅದಲುಬದಲಾಗುತ್ತದೆ. ನೆನಪಿಡಲು ಏನಾದರೂ ದಾರಿ ಇದೆಯೇ?
– ಪದವೀಧರೆ, ಹಾವೇರಿ

ಉತ್ತರ: ಇದೆ. ಒಂದೊಂದೇ ಪದವನ್ನು ಉರು ಹೊಡೆಯುವುದು ಬಿಟ್ಟು ಆ ಪುಟವನ್ನೆಲ್ಲ ಒಟ್ಟಿಗೆ ನೋಡಿ. ಬಹುಪಾಲು ಪದಗಳಲ್ಲಿ ‘ತಿರುಚುವುದು’ ಎಂಬ ಅರ್ಥ ಅಡಗಿ ಕೂತಿದೆ. ‘ರಿಂಗ್’ (ಡಬ್ಲ್ಯು ಇರುವುದು, ಇಲ್ಲದ್ದು ಉಂಗುರ) ಎಂದರೆ ಒದ್ದೆ ಬಟ್ಟೆ ಹಿಂಡುವುದು. ‘ರೆಂಚ್’ ಎಂದರೆ ಬಲವಾಗಿ ತಿರುಚಿ ಎಳೆಯುವುದು. ನಟ್ಟು ಬಿಚ್ಚುವ ಸ್ಪ್ಯಾನರಿಗೂ ಅಮೆರಿಕದಲ್ಲಿ ಅದೇ ಹೆಸರು. ‘ರಿಸ್ಟ್’ ಕೈ ತಿರುಗುವ ಜಾಗ, ಮಣಿಕಟ್ಟು. ‘ರೀತ್’ ಎಂದರೆ ಎಲೆ, ಹೂಗಳನ್ನು ಹೆಣೆದು ಸುತ್ತಿದ ಚಕ್ರ. ಗಣ್ಯರು ಸ್ಮಾರಕಗಳ ಮುಂದೆ ಇಡುತ್ತಾರಲ್ಲ, ಅದು. ‘ರಿಗಲ್’ ಹುಳುವಿನಂತೆ ಮೈ ಬಳುಕಿಸುವುದು, ‘ರೈದ್’ ನೋವಿನಿಂದ ಹೊರಳಾಡುವುದು, ‘ರಿಂಕಲ್’ ಸುಕ್ಕು, ‘ರೆಸಲ್’ ಕುಸ್ತಿ ಹಿಡಿಯುವುದು. ‘ರೈ ಸ್ಮೈಲ್’ ಎಂದರೆ ತುಟಿ ಸೊಟ್ಟ ಮಾಡಿ ನಗುವ ನಗೆ.

ನನಗೆ ಇಷ್ಟವಾದದ್ದು ‘ರಾಂಗ್’. ಅದರ ಹಳೆಯ ಅರ್ಥ ಸೊಟ್ಟ, ಡೊಂಕು. ‘ರೈಟ್’ ಎಂದರೆ ಮೊದಲು ನೆಟ್ಟಗಿರುವುದು. ನಾವೂ ‘ನೆಟ್ಟಗೆ ಮಾತಾಡು’, ‘ವಕ್ರಬುದ್ಧಿ’ ಎನ್ನುವಾಗ ಅದೇ ಲೆಕ್ಕ ಹಾಕುತ್ತೇವೆ. ಈ ಪದಗಳಲ್ಲಿ ಈಗ ಬಾಯಿಗೆ ಬಾರದ ‘ಡಬ್ಲ್ಯು’ ಹಿಂದೆ ಉಚ್ಚಾರದಲ್ಲಿತ್ತು. ಸುಮಾರು 17ನೇ ಶತಮಾನದ ಹೊತ್ತಿಗೆ ನಾಲಿಗೆಯಿಂದ ಜಾರಿತು, ಬರವಣಿಗೆಯಲ್ಲಿ ಉಳಿಯಿತು.

ಈ ಬಳಗಕ್ಕೆ ಸೇರದವೂ ಇವೆ. ‘ರೆನ್’ ಒಂದು ಪುಟ್ಟ ಹಕ್ಕಿ, ‘ರೆಕ್’ ಎಂದರೆ ಹಡಗಿನಂಥದ್ದು ಒಡೆದು ನಾಶವಾಗುವುದು. ‘ರೈಟ್’ (ಬರೆಯುವುದು) ಕೂಡ ತಿರುಚುವುದಲ್ಲ. ಮೂಲದಲ್ಲಿ ಅದು ಮರ, ಕಲ್ಲುಗಳ ಮೇಲೆ ಕೆರೆದು ಗೀರುವುದು. ಇವನ್ನು ಪ್ರತ್ಯೇಕವಾಗಿ ಬರೆದಿಟ್ಟುಕೊಳ್ಳಿ.

ಪ್ರಶ್ನೆ: ‘ಜಿ-ಎಲ್’ನಿಂದ ಶುರುವಾಗುವ ಇಂಗ್ಲಿಷ್ ಪದಗಳೆಲ್ಲ ಹೊಳಪಿಗೇ ಸಂಬಂಧಿಸಿವೆಯಲ್ಲ, ಇದು ಕಾಕತಾಳೀಯವೇ? ಎಲ್ಲದಕ್ಕೂ ‘ಹೊಳೆ’ ಎಂದೇ ಅರ್ಥ ಹೇಳಿದರೆ ಮಕ್ಕಳಿಗೆ ವ್ಯತ್ಯಾಸ ತಿಳಿಸುವುದು ಹೇಗೆ?
– ಪ್ರೌಢಶಾಲಾ ಶಿಕ್ಷಕರು, ತೀರ್ಥಹಳ್ಳಿ

ಉತ್ತರ: ಎರಡನೆಯದನ್ನು ಮೊದಲು ನೋಡೋಣ, ಪಾಠಕ್ಕೆ ಬೇಕಾಗಿರುವುದು ಅದು. ‘ಹೊಳೆ’ ಎಂಬ ಒಂದೇ ಅರ್ಥ ಬರೆಸಬೇಡಿ. ಏನು ಹೊಳೆಯುತ್ತದೆ ಎಂದು ತೋರಿಸಿ. ಬೂದಿ ಕೆದಕಿದಾಗ ಕಾಣುವ ಕೆಂಡದ್ದು ‘ಗ್ಲೋ’: ಉರಿಯಿಲ್ಲ, ಬೆಳಕು ಮಾತ್ರ. ಹುಣಸೆಹಣ್ಣು ಹಾಕಿ ತಿಕ್ಕಿದ ಹಿತ್ತಾಳೆ ಚೆಂಬಿನದು ‘ಗ್ಲೀಮ್’. ಚಮಕಿ ಸೀರೆಯದು ‘ಗ್ಲಿಟರ್’, ನೂರು ಕಡೆಯಿಂದ ಚೂರು ಚೂರಾಗಿ. ಮಳೆ ನಿಂತಮೇಲೆ ಅಡಿಕೆ ಸೋಗೆಯದು ‘ಗ್ಲಿಸನ್’. ಒದ್ದೆಯಾದದ್ದಕ್ಕೇ ಹೆಚ್ಚಾಗಿ ಈ ಪದ, ಅದರಲ್ಲಿರುವ ‘ಟಿ’ ಉಚ್ಚರಿಸುವುದಿಲ್ಲ. ಕತ್ತಿ ತಿರುಗಿಸಿದಾಗ ಫಳ್ಳೆಂದು ಮಾಯವಾಗುವುದು ‘ಗ್ಲಿಂಟ್’. ತುಂಟನ ಕಣ್ಣಲ್ಲೂ ಅದೇ ಇರುತ್ತದೆ. ಎಣ್ಣೆ ತೀರುತ್ತಾ ಬಂದ ದೀಪದ್ದು ‘ಗ್ಲಿಮರ್’, ಹಾಗಾಗಿಯೇ ಸಣ್ಣ ಆಸೆಗೂ ಆ ಪದ. ರಾತ್ರಿ ಘಾಟಿಯಲ್ಲಿ ಎದುರು ಬರುವ ಲಾರಿಯ ದೀಪ ಕಣ್ಣಿಗೆ ಕುಕ್ಕುತ್ತದಲ್ಲ, ಅದು ‘ಗ್ಲೇರ್’. ಸಿಟ್ಟಿನಿಂದ ದುರುಗುಟ್ಟುವುದಕ್ಕೂ ಅದೇ ಪದ. ನೋಟದ ಕಡೆಗೆ ಹೊರಳಿದರೆ ‘ಗ್ಲಾನ್ಸ್’ ನಾವಾಗಿ ಹಾಯಿಸುವ ಕಿರುನೋಟ. ‘ಗ್ಲಿಂಪ್ಸ್’ ನಮ್ಮ ಕಣ್ಣಿಗೆ ತಾನಾಗಿ ಬಿದ್ದು ಮರೆಯಾಗುವ ದೃಶ್ಯ. ಪರೀಕ್ಷೆಯಲ್ಲಿ ಈ ಎರಡನ್ನೇ ಹೆಚ್ಚು ಗೊಂದಲ ಮಾಡಿಕೊಳ್ಳುತ್ತಾರೆ.

ಇನ್ನು ಕಾಕತಾಳೀಯವೇ ಎಂಬುದು. ಅರ್ಧ ರಕ್ತಸಂಬಂಧ, ಅರ್ಧ ಸಹವಾಸ. ‘ಗ್ಲೋ’, ‘ಗ್ಲೀಮ್’, ಗಾಜು ಎಂಬರ್ಥದ ‘ಗ್ಲಾಸ್’, ಚಿನ್ನ ಎಂಬರ್ಥದ ‘ಗೋಲ್ಡ್’ ಇವೆಲ್ಲ ಹೊಳಪಿನ ಒಂದೇ ಪ್ರಾಚೀನ ಧಾತುವಿಗೆ ಸೇರಿದವು ಎಂದು ಭಾಷಾಶಾಸ್ತ್ರಜ್ಞರು ಹೇಳುತ್ತಾರೆ. ‘ಗ್ಲ್ಯಾಡ್’ ಕೂಡ ಮೊದಲು ‘ಹೊಳೆಯುವ’ ಎಂದಿದ್ದು, ಮುಖ ಅರಳುವ ಸಂತೋಷಕ್ಕೆ ಆಮೇಲೆ ಬಂತು. ಆದರೆ ‘ಗ್ಲಾಮರ್’ ಈ ಮನೆಯದ್ದೇ ಅಲ್ಲ. ಅದು ‘ಗ್ರಾಮರ್’ನ ಸ್ಕಾಟಿಷ್ ರೂಪ! ಓದುಬರಹ ಬಲ್ಲವನಿಗೆ ಮಾಟಮಂತ್ರವೂ ಗೊತ್ತು ಎಂಬ ನಂಬಿಕೆಯಿದ್ದ ಕಾಲದಲ್ಲಿ ವ್ಯಾಕರಣವೇ ಮೋಡಿಯಾಯಿತು, ಮೋಡಿ ಮುಂದೆ ಬೆಡಗಾಯಿತು. ವ್ಯಾಕರಣದ ತರಗತಿಯಲ್ಲಿ ತೂಕಡಿಸುವವರಿಗೆ ಇದನ್ನು ಹೇಳಿ ನೋಡಿ.

ಹೀಗೆ ಅರ್ಥ ಅಂಟಿಕೊಂಡ ಧ್ವನಿಯ ತುಣುಕನ್ನು ‘ಫೋನೆಸ್ತೀಮ್’ ಎನ್ನುತ್ತಾರೆ. 1930ರಲ್ಲಿ ಈ ಹೆಸರಿಟ್ಟವರು ಬ್ರಿಟಿಷ್ ಭಾಷಾಶಾಸ್ತ್ರಜ್ಞ ಜೆ. ಆರ್. ಫರ್ತ್, ಅದಕ್ಕೂ ಮೊದಲು ಅವರು ಲಾಹೋರಿನ ಪಂಜಾಬ್ ವಿಶ್ವವಿದ್ಯಾಲಯದಲ್ಲಿ ಇಂಗ್ಲಿಷ್ ಪ್ರಾಧ್ಯಾಪಕರಾಗಿದ್ದರು. ‘ಎಸ್-ಎನ್’ ಇನ್ನೊಂದು ಉದಾಹರಣೆ, ಅದು ಮೂಗಿನ ಇಲಾಖೆ: ‘ಸ್ನೋರ್’ ಗೊರಕೆ, ‘ಸ್ನಿಫ್’ ಮೂಸುವುದು, ‘ಸ್ನೌಟ್’ ಪ್ರಾಣಿಯ ಮೂತಿ, ‘ಸ್ನಾಟ್’ ಸಿಂಬಳ, ‘ಸ್ನಫ್’ ನಶ್ಯ, ‘ಸ್ನೀರ್’ ಮೂಗು ಮುರಿದು ಹೀಯಾಳಿಸುವುದು. ಸೀನು ಎಂಬರ್ಥದ ‘ಸ್ನೀಜ್’ ಹಳೆಯ ಇಂಗ್ಲಿಷಿನಲ್ಲಿ ‘ಎಫ್-ಎನ್’ನಿಂದ ಶುರುವಾಗುತ್ತಿತ್ತು, ಆಮೇಲೆ ಬಂದು ಈ ಗುಂಪು ಸೇರಿಕೊಂಡಿತು.

ಮಕ್ಕಳಿಗೆ ಇದು ವಿಚಿತ್ರ ಅನ್ನಿಸಿದರೆ ಮಿಂಚು, ಮಿನುಗು, ಮಿಣುಕು, ಮಿರುಗು ಎಂದು ಕಪ್ಪುಹಲಗೆಯ ಮೇಲೆ ಬರೆಯಿರಿ. ಪಕ್ಕದಲ್ಲೇ ಮೂಗು, ಮೂಸು, ಮೂತಿ. ಜೊತೆಗೆ ಮಿಡತೆ ಹೊಳೆಯುವುದಿಲ್ಲ, ಮೂಲೆಗೆ ಮೂಗಿಲ್ಲ ಎಂಬುದನ್ನೂ ಹೇಳಿ. ಹಾಗೆಯೇ ಕೈಗವಸು ಎಂಬ ಅರ್ಥದ ‘ಗ್ಲವ್’, ಅಂಟು ಎಂಬ ಅರ್ಥದ ‘ಗ್ಲೂ’, ಹೊಟ್ಟೆಬಾಕ ಎಂಬ ಅರ್ಥದ ‘ಗ್ಲಟನ್’ಗಳಲ್ಲಿ ಬೆಳಕು ಹುಡುಕಿ ಪ್ರಯೋಜನವಿಲ್ಲ.

ಪ್ರಶ್ನೆ: ‘ಡೆಟ್’ನಲ್ಲಿ ‘ಬಿ’, ‘ರಿಸೀಟ್’ನಲ್ಲಿ ‘ಪಿ’ ಯಾಕಿವೆ, ಓದುವುದಿಲ್ಲವೆಂದ ಮೇಲೆ?
– ಸಹಕಾರ ಸಂಘದ ಗುಮಾಸ್ತರು, ಶಿರಸಿ

ಉತ್ತರ: ಪಂಡಿತರ ಕೈಚಳಕ. ಸಾಲ ಎಂಬ ಅರ್ಥದ ಪದ ಫ್ರೆಂಚಿನಿಂದ ‘ಬಿ’ ಇಲ್ಲದೆಯೇ ಬಂದಿತ್ತು. ಲ್ಯಾಟಿನ್ ಮೂಲ ‘ಡೆಬಿಟಮ್’ ಎಂದು ತೋರಿಸಲು ಆಮೇಲೆ ತುರುಕಿದರು. ‘ಡೌಟ್’ಗೂ ಅದೇ ಗತಿ. ರಸೀದಿಗೆ ‘ಪಿ’ ಕೊಟ್ಟವರು ಅದರ ಸೋದರ ‘ಡಿಸೀಟ್’ಗೆ (ಮೋಸ) ಕೊಡಲು ಮರೆತರು. ‘ಐಲೆಂಡ್’ಗೆ ‘ಎಸ್’ ಸೇರಿಸಿದ್ದಂತೂ ಶುದ್ಧ ತಪ್ಪು: ಅದು ಅಪ್ಪಟ ಇಂಗ್ಲಿಷ್ ಪದ, ಫ್ರೆಂಚಿನಿಂದ ಬಂದ ‘ಐಲ್’ ಅನ್ನು ನೋಡಿ ‘ಎಸ್’ ಎರವಲು ತಂದರು.

ಪ್ರಶ್ನೆ: ‘ಸಿ-ಎಚ್’ ಒಂದು ಕಡೆ ‘ಚ’, ಇನ್ನೊಂದು ಕಡೆ ‘ಕ’, ಮತ್ತೊಂದು ಕಡೆ ‘ಶ’. ಯಾವಾಗ ಯಾವುದು?
– ಪಿಯು ವಿದ್ಯಾರ್ಥಿ, ಸಿಂಧನೂರು

ಉತ್ತರ: ಪದ ಎಲ್ಲಿಂದ, ಯಾವಾಗ ಬಂತು ಎಂದು ಕೇಳಿ. ಗ್ರೀಕ್ ಮೂಲದ್ದಾದರೆ ‘ಕ’: ‘ಕೋರಸ್’, ‘ಕ್ರಾನಿಕ್’ (ಬಹುಕಾಲ ಕಾಡುವ), ‘ಆರ್ಕೈವ್’ (ದಾಖಲೆಗಳ ಭಂಡಾರ). ಅಚ್ಚ ಇಂಗ್ಲಿಷಿನದ್ದು, ಬಹಳ ಹಿಂದೆ ಫ್ರೆಂಚಿನಿಂದ ಬಂದದ್ದು ‘ಚ’. ಇತ್ತೀಚೆಗೆ ಫ್ರೆಂಚಿನಿಂದ ಬಂದದ್ದು ‘ಶ’. ‘ಚೀಫ್’ ಮತ್ತು ‘ಶೆಫ್’ ಒಂದೇ ಫ್ರೆಂಚ್ ಪದ: ಮೊದಲನೆಯದು ಮಧ್ಯಯುಗದಲ್ಲೇ ಬಂದು ಮುಖ್ಯಸ್ಥನಾಯಿತು, ಎರಡನೆಯದು 19ನೇ ಶತಮಾನದಲ್ಲಿ ಬಂದು ಅಡುಗೆಮನೆ ಸೇರಿತು. ಕಾರು ಓಡಿಸುವ ‘ಶೋಫರ್’ ಫ್ರೆಂಚಿನಲ್ಲಿ ಬೆಂಕಿ ಕಾಯಿಸುವವನು. ಉಗಿಬಂಡಿಯ ಕಾಲದ ಹೆಸರು.

ಪ್ರಶ್ನೆ: ಮೊಮ್ಮಗ ರಜೆಗೆ ಬಂದಾಗ ಹಲಗೆಯ ಮೇಲೆ ಇಂಗ್ಲಿಷ್ ಅಕ್ಷರದ ಬಿಲ್ಲೆ ಜೋಡಿಸಿ ಪದ ಕಟ್ಟುವ ಸ್ಕ್ರ್ಯಾಬಲ್ ಆಡುತ್ತೇವೆ. ‘ಕ್ಯೂ’ ಸಿಕ್ಕಿ ‘ಯು’ ಸಿಗದಿದ್ದರೆ ಸೋತಂತೆಯೇ. ‘ಯು’ ಬೇಡದ ಪದಗಳಿವೆಯೇ?
– ನಿವೃತ್ತ ಅಧಿಕಾರಿ, ಮೈಸೂರು

ಉತ್ತರ: ಬೇಕಾದಷ್ಟು. ಆಟದಲ್ಲಿ ‘ಕ್ಯೂ’ ಇರುವುದು ಒಂದೇ, ಅದಕ್ಕೆ 10 ಅಂಕ. ಕೈಯಲ್ಲಿ ಉಳಿಸಿಕೊಂಡು ಕೂರಬೇಡಿ. ಮೊದಲು ಕಲಿಯಬೇಕಾದದ್ದು ಎರಡಕ್ಷರದ ‘ಕ್ಯೂ-ಐ’: ಚೀನೀಯರ ಪ್ರಾಣಶಕ್ತಿ, ಓದುವುದು ‘ಚೀ’ ಎಂದು. ‘ಕ್ಯೂ-ಎ-ಟಿ’ ಯೆಮೆನ್, ಇಥಿಯೋಪಿಯಾ ಕಡೆ ಜಗಿಯುವ ಅಮಲಿನ ಎಲೆ. ‘ಕನಾತ್’ ನೆಲದಡಿಯ ನೀರಿನ ಸುರಂಗ. ‘ಕಾಜಿ’ಯನ್ನು ‘ಕ್ಯೂ-ಎ-ಡಿ-ಐ’ ಎಂದು ಬರೆಯಬಹುದು. ಫಕೀರ, ಬುರ್ಖಾ, ನಿಕಾಬ್, ತಲಾಕ್‌ಗಳಲ್ಲೂ ಒಂಟಿ ‘ಕ್ಯೂ’ ನಡೆಯುತ್ತದೆ.

ಇವುಗಳಲ್ಲಿ ಹೆಚ್ಚಿನವು ಅರಬ್ಬಿಯವು. ಗಂಟಲಾಳದಿಂದ ಹೊರಡುವ ಅಲ್ಲಿಯ ‘ಕಾಫ್’ ಅಕ್ಷರಕ್ಕೆ ಇಂಗ್ಲಿಷಿನವರು ‘ಕ್ಯೂ’ ಇಟ್ಟರು, ನಾವು ‘ಕ’ ಇಟ್ಟೆವು. ನೀವು ಕಚೇರಿಯಲ್ಲಿ ದಿನಾ ಬರೆದಿರಬಹುದಾದ ತಾಲೂಕು, ಕಸಬಾ, ಬಾಕಿ, ನಕಲು, ಹಕ್ಕು, ಕರಾರು ಎಲ್ಲದರಲ್ಲೂ ಇರುವುದು ಅದೇ ‘ಕಾಫ್’. ಹಾಗೆಂದು ‘ಬಾಕಿ’ಯನ್ನು ಹಲಗೆಯ ಮೇಲೆ ಜೋಡಿಸಬೇಡಿ, ಮೊಮ್ಮಗ ಒಪ್ಪುವುದಿಲ್ಲ. ಇರಾಕ್, ಕತಾರ್ ಕೂಡ ಬೇಡ, ಅಂಕಿತನಾಮಗಳಿಗೆ ಅವಕಾಶವಿಲ್ಲ. ಯಾವ ನಿಘಂಟು ಪ್ರಮಾಣ ಎಂಬುದನ್ನು ಆಟಕ್ಕೆ ಕೂರುವ ಮೊದಲೇ ಇಬ್ಬರೂ ತೀರ್ಮಾನಿಸಿಕೊಳ್ಳಿ. ಅಮೆರಿಕದ ಪಟ್ಟಿ ಬೇರೆ, ಬ್ರಿಟನ್ನಿನ ಪಟ್ಟಿ ಬೇರೆ.