ಮಂಗಳೂರಲ್ಲಿ ಕೆಲಸ, ಮನೆ ಎಲ್ಲಿ: ತೊಕ್ಕೊಟ್ಟಿನ ಫ್ಲಾಟಾ, ಬಾಯಾರಿನ ಹದಿನೈದು ಸೆಂಟ್ಸಾ?

ನಿಮ್ಮ ಪ್ರಶ್ನೆ ಎರಡು ಸಲ ಓದಿದೆ. ನಿಮಗೆ ಕಂಕನಾಡಿ ಹತ್ತಿರ ಲ್ಯಾಬಲ್ಲಿ ಕೆಲಸ, ಹೆಂಡತಿ ತೊಕ್ಕೊಟ್ಟಲ್ಲಿ ಬ್ಯಾಂಕಿಗೆ ಹೋಗ್ತಾರೆ, ಮಗು ಯುಕೆಜಿ. ಐವತ್ತೈದು ಲಕ್ಷದ ಬಜೆಟಲ್ಲಿ ಒಂದೋ ತೊಕ್ಕೊಟ್ಟಿನಲ್ಲಿ 950 ಚದರಡಿ ಫ್ಲಾಟ್, ಇಲ್ಲದಿದ್ರೆ ಗಡಿ ದಾಟಿ ಕೇರಳದ ಬಾಯಾರು ಕಡೆ 15 ಸೆಂಟ್ಸ್ ಜಾಗದಲ್ಲಿ 1900 ಚದರಡಿ ಟೆರೇಸ್ ಮನೆ. "ದಾರಿ ಅಭ್ಯಾಸ ಆಗ್ತದೆ ಅಂತ ಎಲ್ಲರೂ ಹೇಳ್ತಾರೆ, ಹೌದಾ?" ಅಂತ ಕೇಳಿದ್ದೀರಿ.

ಆಗುದಿಲ್ಲ ಮಾರಾಯ್ರೆ. ನಾನು ಕಾಸರಗೋಡು ಜಿಲ್ಲೆಯ ಕುಂಬಳೆಯವ, ಮಂಗಳೂರು ಬಂದರಲ್ಲಿ ಒಂದು ಹೋಲ್‌ಸೇಲ್ ಅಂಗಡಿಯ ಲೆಕ್ಕ ಬರೆಯುವ ಕೆಲಸ, ಹತ್ತೊಂಬತ್ತು ವರ್ಷದಿಂದ ಹೋಗಿ ಬರ್ತಾ ಇದ್ದೇನೆ, ಈಗಲೂ ಬೆಳಿಗ್ಗೆ ಅಲಾರಾಂ ಆದಾಗ ಮೊದಲ ದಿನದಷ್ಟೇ ಬೇಜಾರು ಆಗ್ತದೆ. ಸ್ವಿಟ್ಜರ್ಲೆಂಡಿನ ಫ್ರೇ ಮತ್ತು ಸ್ಟುಟ್ಸರ್ ಅಂತ ಇಬ್ಬರು ಅರ್ಥಶಾಸ್ತ್ರದವರು ಜರ್ಮನಿಯ ಜನರ ವರ್ಷಾನುವರ್ಷದ ಅಂಕಿಅಂಶ ಇಟ್ಟುಕೊಂಡು ಇದನ್ನೇ ನೋಡಿದ್ದಾರೆ, 2008ರಲ್ಲಿ ಪ್ರಕಟ ಆಗಿದೆ. ದೂರದಿಂದ ಕೆಲಸಕ್ಕೆ ಹೋಗುವವನಿಗೆ ಒಳ್ಳೆ ಮನೆಯೋ ಒಳ್ಳೆ ಸಂಬಳವೋ ಸಿಕ್ಕಿ ಲೆಕ್ಕ ಸರಿ ಆಗಬೇಕಲ್ವಾ, ಆದರೆ ಹಾಗೆ ಆಗುದಿಲ್ಲ, ದಾರಿ ಉದ್ದ ಆದಷ್ಟು ಜನ ತಮ್ಮ ಬದುಕಿನ ಬಗ್ಗೆ ಕಡಿಮೆ ಖುಷಿ ಹೇಳ್ತಾರೆ ಅಂತ ಸಿಕ್ಕಿತು ಅವರಿಗೆ. ಅದನ್ನು ಓದಿದಾಗ ನನಗೆ ನಗು ಬಂತು, ಕುಂಬಳೆ ಸ್ಟೇಷನಲ್ಲಿ ಬೆಳಿಗ್ಗೆ ನಿಂತ ಯಾರ ಮುಖ ನೋಡಿದ್ರೂ ಗೊತ್ತಾಗುವ ವಿಷಯ ಅದು.

ಹಾಗಂತ ಫ್ಲಾಟೇ ತಗೊಳ್ಳಿ ಅಂತ ನಾನು ಹೇಳ್ತಾ ಇಲ್ಲ. ನನ್ನ ಕತೆ ಕೇಳಿ, ಆಮೇಲೆ ನೀವೇ ನೋಡಿ.

2014ರಲ್ಲಿ ನಾನು ಸೀತಾಂಗೋಳಿ ಹತ್ತಿರ 18 ಸೆಂಟ್ಸ್ ತಗೊಂಡು ಮನೆ ಕಟ್ಟಿದೆ. ಕುಂಬಳೆಯಿಂದ ಬದಿಯಡ್ಕ ರೋಡಲ್ಲಿ ಒಳಗೆ ಎಂಟು ಕಿಲೋಮೀಟರ್. ಕೆಂಪುಕಲ್ಲಿನ ಮನೆ, ನಾಲ್ಕು ರೂಮು, ದೊಡ್ಡ ಜಗಲಿ, ಅಂಗಳ, ಬಾವಿ, ಹಿಂದೆ ಹತ್ತು ಹದಿನೈದು ಅಡಿಕೆ ಮರ. ಅದೇ ದುಡ್ಡಿಗೆ ಕುಂಬಳೆ ಪೇಟೆ ಹತ್ತಿರ ಏಳು ಸೆಂಟ್ಸ್ ಸಿಗ್ತಿತ್ತು. ನಾನು ಎಂತ ಲೆಕ್ಕ ಹಾಕಿದ್ದು ಅಂದ್ರೆ, ಹೇಗೂ ಮಂಗಳೂರಿಗೆ ನಲವತ್ತು ಕಿಲೋಮೀಟರ್ ಹೋಗ್ಲಿಕ್ಕುಂಟು, ಅದರ ಮೇಲೆ ಎಂಟು ಎಂತ ದೊಡ್ಡ ವಿಷಯ, ಅಂತ. ಲೆಕ್ಕ ಬರೆಯುವವನೇ ಹೀಗೆ ಲೆಕ್ಕ ತಪ್ಪಿದ್ದು.

ನನ್ನನ್ನು ಸುಸ್ತು ಮಾಡಿದ್ದು ಆ ನಲವತ್ತಲ್ಲ, ಕೊನೆಯ ಎಂಟು. ರೈಲಲ್ಲಿ ಕೂತ್ರೆ ಪೇಪರ್ ಓದ್ಬಹುದು, ನಿದ್ದೆ ಮಾಡ್ಬಹುದು, ಸೀಟು ಸಿಗದಿದ್ರೂ ಪರಿಚಯದವರ ಹತ್ರ ಮಾತಾಡ್ಬಹುದು, ಉಳ್ಳಾಲ ದಾಟಿ ನೇತ್ರಾವತಿ ಸಂಕ ಬಂದಾಗ ಒಮ್ಮೆ ಹೊರಗೆ ನೋಡ್ಬಹುದು. ಸೀಸನ್ ಟಿಕೆಟ್ ತಿಂಗಳಿಗೆ ಆಗುವ ದುಡ್ಡು ಒಂದು ವಾರದ ಬಸ್ ಚಾರ್ಜಿಗಿಂತಲೂ ಕಡಿಮೆ. ಆದ್ರೆ ಆ ಎಂಟು ಕಿಲೋಮೀಟರ್ ಉಂಟಲ್ಲ, ಜೂನಿಂದ ಸಪ್ಟೆಂಬರ್ ವರೆಗೆ ರೈನ್‌ಕೋಟ್ ಹಾಕಿ ಬೈಕಲ್ಲಿ, ಸ್ಟೇಷನ್ ತಲುಪುವಾಗ ಪ್ಯಾಂಟ್ ಮೊಣಕಾಲಿನವರೆಗೆ ಚಂಡಿ, ರೈಲು ಮಿಸ್ ಆದ್ರೆ ಇಡೀ ಬೆಳಿಗ್ಗೆ ಹೋಯ್ತು, ರಾತ್ರಿ ರೈಲು ತಡ ಆಗಿ ಬೈಕ್ ಕೂಡ ಕೈಕೊಟ್ರೆ ಬಸ್ಸಿಲ್ಲ, ಆಟೋದವನು ಕೇಳಿದಷ್ಟು ಕೊಡ್ಬೇಕು, ಅವ ಬರ್ತೇನೆ ಅಂದದ್ದೇ ಪುಣ್ಯ. ಬಾಗಿಲಿಂದ ಬಾಗಿಲಿಗೆ ಒಂದೂಮುಕ್ಕಾಲು ಗಂಟೆ. ಹೋಗಿ ಬರುವಾಗ ಮೂರೂವರೆ. ತಿಂಗಳಿಗೆ ಇಪ್ಪತ್ತೈದು ದಿನ ಅಂತ ಇಟ್ಕೊಂಡ್ರೆ 87 ಗಂಟೆ, ಅಂದ್ರೆ ಅಂಗಡಿಯಲ್ಲಿ ಹತ್ತು ಹನ್ನೊಂದು ದಿನ ಸಂಬಳ ಇಲ್ಲದೆ ಕೆಲಸ ಮಾಡಿದ ಹಾಗೆ.

ಮತ್ತೆ ಆ ನಾಲ್ಕು ರೂಮು? ಬೆಳಿಗ್ಗೆ ಕತ್ತಲೆಗೆ ಹೊರಡುದು, ರಾತ್ರಿ ಕತ್ತಲೆಗೆ ಬರುದು. ನನ್ನ ಮನೆಯ ಬಣ್ಣ ಎಂತ ಅಂತ ನನಗೆ ಆದಿತ್ಯವಾರ ಮಾತ್ರ ಗೊತ್ತಾಗ್ತಿತ್ತು.

ಆದ್ರೆ ಇಲ್ಲೇ ಒಂದು ವಿಷಯ ಉಂಟು, ಇದನ್ನು ಯಾರೂ ಸರಿಯಾಗಿ ಹೇಳುದಿಲ್ಲ. ಆ ಮನೆ ನನಗೆ ವೇಸ್ಟ್ ಆಗಿತ್ತು, ನನ್ನ ಅಮ್ಮನಿಗೆ ಅಲ್ಲ. ಅಮ್ಮನಿಗೆ ಅಂಗಳ ಬೇಕು, ಬಸಳೆ ಚಪ್ಪರ ಬೇಕು, ಹಪ್ಪಳ ಒಣಗಿಸ್ಲಿಕ್ಕೆ ಬಿಸಿಲು ಬೇಕು, ಮಧ್ಯಾಹ್ನ ಜಗಲಿಯಲ್ಲಿ ಕೂತ್ರೆ ದಾರಿಯಲ್ಲಿ ಹೋಗುವವರ ಹತ್ರ ಎರಡು ಮಾತು ಆಗ್ಬೇಕು. ಮನೆಯನ್ನು ದಿನದ ಹದಿನಾರು ಗಂಟೆ ಉಪಯೋಗ ಮಾಡಿದ್ದು ಅವರು, ಅದರ ಬಾಡಿಗೆ ದಾರಿಯಲ್ಲಿ ಕಟ್ಟಿದ್ದು ನಾನು. ಹಾಗಾಗಿ ನಿಮ್ಮ ಪ್ರಶ್ನೆಗೆ ನನ್ನ ಮೊದಲ ಪ್ರಶ್ನೆ: ಆ 1900 ಚದರಡಿಯಲ್ಲಿ ಹಗಲು ಹೊತ್ತು ಯಾರಿರ್ತಾರೆ? ನೀವಿಬ್ಬರೂ ಕೆಲಸಕ್ಕೆ, ಮಗು ಶಾಲೆಗೆ. "ಅಪ್ಪ ಅಮ್ಮ ಮುಂದೆ ಬರಬಹುದು" ಅಂತ ಬರೆದಿದ್ದೀರಿ. ಆ ಬರಬಹುದು ಅನ್ನುವ ಶಬ್ದವನ್ನು ಸ್ವಲ್ಪ ಗಟ್ಟಿ ಮಾಡ್ಕೊಳ್ಳಿ. ಪುತ್ತೂರಿನ ತೋಟ ಬಿಟ್ಟು ಬರ್ತಾರಾ ಅಂತ ಅವರ ಹತ್ರ ನೇರ ಕೇಳಿ. ತೋಟ ಇರುವವರು ಬರುದಿಲ್ಲ, ಇದು ನನ್ನ ಅಂದಾಜಿ. ಅವರು ಬರುದೇ ಆದ್ರೆ ದೊಡ್ಡ ಮನೆಗೆ ಅರ್ಥ ಉಂಟು, ಇಲ್ಲದಿದ್ರೆ ಆದಿತ್ಯವಾರ ಗುಡಿಸಿ ಒರೆಸ್ಲಿಕ್ಕೆ ಎರಡು ರೂಮು ಜಾಸ್ತಿ ಅಷ್ಟೆ.

ಈಗ ಬಾಯಾರಿನ ವಿಷಯ. ನೀವು ಮ್ಯಾಪಲ್ಲಿ ಒಂದು ಗಂಟೆ ಹತ್ತು ನಿಮಿಷ ತೋರಿಸ್ತದೆ ಅಂದ್ರಿ, ಯಾವಾಗ ನೋಡಿದ್ದು? ಆದಿತ್ಯವಾರ ಮಧ್ಯಾಹ್ನ ಆಗಿರ್ಬೇಕು. ಹೈವೇ ಈಗ ಮೊದಲಿನ ಹಾಗಿಲ್ಲ ನಿಜ, ತಲಪಾಡಿಯಿಂದ ಚೆಂಗಳದ ವರೆಗಿನ 39 ಕಿಲೋಮೀಟರ್ ಆರು ಲೇನ್ ಆದ ಮೇಲೆ ಕೇರಳದ ಬದಿಯಲ್ಲಿ ಗಾಡಿ ಓಡ್ತದೆ. ಆದ್ರೆ ನಿಮಗೆ ಮೊದಲು ಬಾಯಾರಿನಿಂದ ಉಪ್ಪಳದ ಕೈಕಂಬದ ವರೆಗೆ ಗುಡ್ಡದ ತಿರುವಿನ ರೋಡು, ಆಮೇಲೆ ಸರ್ವಿಸ್ ರೋಡು ಹಿಡಿದು ಹೈವೇ ಹತ್ತುದು, ತಲಪಾಡಿ ಟೋಲ್, ತೊಕ್ಕೊಟ್ಟು, ನೇತ್ರಾವತಿ ಸಂಕ, ಪಂಪ್‌ವೆಲ್. ಬೆಳಿಗ್ಗೆ ಎಂಟೂವರೆಗೆ ಆ ಸಂಕದ ಮೇಲೆ ಒಂದು ಲಾರಿ ಕೆಟ್ಟು ನಿಂತ್ರೆ ನಿಮ್ಮ ಮ್ಯಾಪಿನ ಲೆಕ್ಕ ಅಲ್ಲಿಗೆ ಮುಗೀತು. ಮುಡಿಪು ಕೊಣಾಜೆ ಕಡೆಯ ಒಳದಾರಿ ಉಂಟು ಅಂತ ಯಾರಾದ್ರೂ ಹೇಳ್ತಾರೆ, ಉಂಟು, ಹಗಲು ಕಾರಲ್ಲಿ ಆದೀತು, ಮಳೆಗಾಲದ ರಾತ್ರಿ ಬೈಕಲ್ಲಿ ಬೇಡ. ದಿನಕ್ಕೆ 90 ಕಿಲೋಮೀಟರ್ ಕಾರಲ್ಲಿ ಅಂದ್ರೆ ತಿಂಗಳಿಗೆ 2200 ಆಯ್ತು, ಹದಿನೆಂಟು ಮೈಲೇಜಿಗೆ 120 ಲೀಟರ್ ಮೇಲೆ ಪೆಟ್ರೋಲ್, ಹನ್ನೆರಡು ಸಾವಿರ ಅಲ್ಲಿಗೇ ಹೋಯ್ತು. (ಪೆಟ್ರೋಲ್ ತಲಪಾಡಿ ದಾಟಿ ಕರ್ನಾಟಕದ ಬಂಕಲ್ಲೇ ಹಾಕಿಸಿ, ಲೀಟರಿಗೆ ಕಡಿಮೆ ಉಂಟು, ಇದು ನಮ್ಮಲ್ಲಿ ಮಕ್ಕಳಿಗೂ ಗೊತ್ತು.) ಆ ಹನ್ನೆರಡು ಸಾವಿರವನ್ನು ಇಎಂಐಗೆ ಸೇರಿಸಿದ್ರೆ ಹದಿನಾಲ್ಕು ಹದಿನೈದು ಲಕ್ಷ ಜಾಸ್ತಿ ಲೋನ್ ತೀರಿಸ್ಬಹುದು. ಅಂದ್ರೆ ಬಾಯಾರಿನ ಮನೆ ಅಗ್ಗ ಅಂತ ಕಾಣುದು ಮಾತ್ರ.

ಗಡಿ ಅಂತ ಒಂದು ಉಂಟು, ಅದನ್ನು ಮರೀಬೇಡಿ. 2020ರ ಮಾರ್ಚಲ್ಲಿ ತಲಪಾಡಿಯಲ್ಲಿ ಗಡಿ ಮುಚ್ಚಿದಾಗ ನಾನು ಈಚೆ, ಕೆಲಸ ಆಚೆ. ಡಯಾಲಿಸಿಸ್‌ಗೆ ಮಂಗಳೂರಿಗೆ ಹೋಗ್ತಿದ್ದ ನಮ್ಮ ಕಡೆಯವರು ಪಟ್ಟ ಪಾಡು ಬೇರೆಯೇ. 2021ರಲ್ಲಿ ಇನ್ನೊಮ್ಮೆ ಆರ್‌ಟಿಪಿಸಿಆರ್ ಚೀಟಿ ಹಿಡ್ಕೊಂಡು ಹೋದದ್ದು. ಅದು ಇನ್ನೊಮ್ಮೆ ಬರ್ತದೆ ಅಂತಲ್ಲ, ಆದ್ರೆ ಮನೆ ಕೇರಳದಲ್ಲಿ, ಅನ್ನ ಕರ್ನಾಟಕದಲ್ಲಿ ಅಂದ್ರೆ ಸಣ್ಣ ಸಣ್ಣ ರಗಳೆ ಇದ್ದದ್ದೇ. ಕೆಎ ನಂಬರಿನ ಗಾಡಿ ಇಲ್ಲಿ ಹನ್ನೆರಡು ತಿಂಗಳ ಮೇಲೆ ಇಟ್ರೆ ಮತ್ತೆ ರಿಜಿಸ್ಟರ್ ಮಾಡಿಸ್ಬೇಕು. ಆಧಾರ್ ಕಾರ್ಡಿನ ವಿಳಾಸ ಬದಲಾದ್ರೆ ನಿಮ್ಮ ಹೆಂಡತಿಗೆ ಶಕ್ತಿ ಟಿಕೆಟ್ ಇಲ್ಲ (ಮಂಗಳೂರಲ್ಲಿ ಓಡುದು ಹೆಚ್ಚು ಪ್ರೈವೇಟ್ ಬಸ್ಸೇ, ಹಾಗಾಗಿ ದೊಡ್ಡ ನಷ್ಟ ಅಲ್ಲ). ಮಗುವಿನ ವಿಷಯ ಮಾತ್ರ ದೊಡ್ಡದು. ಕರ್ನಾಟಕದ ಸಿಇಟಿಗೆ ಸಾಮಾನ್ಯವಾಗಿ ಏಳು ವರ್ಷ ಕರ್ನಾಟಕದಲ್ಲಿ ಓದಿರ್ಬೇಕು, ಗಡಿನಾಡು ಕನ್ನಡಿಗರಿಗೆ ಬೇರೆ ದಾರಿ ಉಂಟು ಆದ್ರೆ ಅದಕ್ಕೆ ಅದರದ್ದೇ ಷರತ್ತು ಉಂಟು. ಮಗುವನ್ನು ತೊಕ್ಕೊಟ್ಟಿನ ಶಾಲೆಗೇ ಕಳಿಸುದಾದ್ರೆ ಬಾಯಾರಿನಿಂದ ಆರು ವರ್ಷದ ಮಗು ದಿನಾ ನಿಮ್ಮ ಜೊತೆ ಅಷ್ಟು ದೂರ ಬರ್ಬೇಕು. ಇದೊಂದು ನೀವು ಪ್ರಶ್ನೆಯಲ್ಲಿ ಬರೆಯಲೇ ಇಲ್ಲ.

ದುಡ್ಡಿನ ಇನ್ನೊಂದು ಮಾತು. ಕೇರಳದಲ್ಲಿ ಸ್ಟ್ಯಾಂಪ್ ಡ್ಯೂಟಿ 8, ರಿಜಿಸ್ಟ್ರೇಷನ್ 2, ಒಟ್ಟು ನೂರಕ್ಕೆ ಹತ್ತು. ನಲವತ್ತು ಲಕ್ಷಕ್ಕೆ ನಾಲ್ಕು ಲಕ್ಷ. ಕರ್ನಾಟಕದಲ್ಲಿ ಇದಕ್ಕಿಂತ ಕಡಿಮೆ. ಮನೆ 100 ಚದರ ಮೀಟರ್, ಅಂದ್ರೆ ಸುಮಾರು 1076 ಚದರಡಿಗಿಂತ ದೊಡ್ಡದಾದ್ರೆ ಒಂದು ಸಲದ ಬಿಲ್ಡಿಂಗ್ ಟ್ಯಾಕ್ಸ್ ಉಂಟು, ಮಾರುವವರು ಅದು ಕಟ್ಟಿದ ರಶೀದಿ ಕೇಳಿ ತಗೊಳ್ಳಿ. ಎಲ್ಲಕ್ಕಿಂತ ಮುಖ್ಯ, ಆ 15 ಸೆಂಟ್ಸ್ ಮೊದಲು ಗದ್ದೆ ಆಗಿತ್ತಾ ನೋಡಿ. 2008ರ ಗದ್ದೆ ಸಂರಕ್ಷಣೆಯ ಕಾಯ್ದೆ ಪ್ರಕಾರ ಡಾಟಾ ಬ್ಯಾಂಕಲ್ಲಿ, ಅಂದ್ರೆ ಗದ್ದೆಗಳ ಸರ್ಕಾರಿ ಪಟ್ಟಿಯಲ್ಲಿ, ಹೆಸರಿರುವ ಜಾಗ ಆದ್ರೆ ಮುಂದೆ ಒಂದು ರೂಮು ಸೇರಿಸ್ಲಿಕ್ಕೂ ಪರ್ಮಿಟ್‌ಗೆ ಅಲೆದಾಟ. ವಿಲೇಜ್ ಆಫೀಸಲ್ಲಿ ಕೇಳಿದ್ರೆ ಹೇಳ್ತಾರೆ. ಕಾಗದ ಮಲಯಾಳದಲ್ಲಿದ್ದು ಓದ್ಲಿಕ್ಕೆ ಬರದಿದ್ರೆ ಬ್ರೋಕರ್ ಹತ್ರ ಓದಿಸ್ಬೇಡಿ, ಬೇರೆ ಯಾರಾದ್ರೂ ಗುರ್ತದವರ ಹತ್ರ ಓದಿಸಿ.

ಫ್ಲಾಟ್ ಬಗ್ಗೆ ನನಗೆ ಅನುಭವ ಕಡಿಮೆ. 950 ಅಂತ ಹೇಳಿದ್ದು ಕಾರ್ಪೆಟ್ ಏರಿಯಾನಾ ಸೂಪರ್ ಬಿಲ್ಟ್‌ಅಪ್ಪಾ ಅಂತ ಮೊದಲು ಕೇಳಿ, ಸೂಪರ್ ಬಿಲ್ಟ್‌ಅಪ್ ಆದ್ರೆ ಒಳಗೆ ಕಾಲಿಡ್ಲಿಕ್ಕೆ ಏಳುನೂರು ಚಿಲ್ಲರೆ ಸಿಕ್ಕೀತು. ಮತ್ತೆ ಹೆಂಡತಿ ತೊಕ್ಕೊಟ್ಟಲ್ಲೇ ಇದ್ದಾರೆ ಅಂತ ಅದನ್ನೇ ಲೆಕ್ಕಕ್ಕೆ ಹಿಡೀಬೇಡಿ, ಬ್ಯಾಂಕ್ ಅಂದ ಮೇಲೆ ಟ್ರಾನ್ಸ್‌ಫರ್ ಇದ್ದದ್ದೇ.

ನನ್ನ ಕತೆ ಅರ್ಧದಲ್ಲಿ ಬಿಟ್ಟೆ. 2022ರಲ್ಲಿ ಸೀತಾಂಗೋಳಿಯ ಮನೆ ಮಾರಿದೆ. ಕುಂಬಳೆ ಸ್ಟೇಷನಿಗೆ ನಡೆದು ಏಳು ನಿಮಿಷದ ಜಾಗದಲ್ಲಿ ಆರು ಸೆಂಟ್ಸ್, ಹಳೆ ಮನೆ, ಎರಡು ರೂಮು, ಅಂಗಳ ಇಲ್ಲ ಅಂತಲೇ ಹೇಳ್ಬಹುದು. ಮಂಗಳೂರು ಒಂದು ಇಂಚೂ ಹತ್ತಿರ ಬರ್ಲಿಲ್ಲ, ಅದೇ ರೈಲು, ಅದೇ ಬೋಗಿ, ಅದೇ ಜನ. ಆದ್ರೂ ದಿನಕ್ಕೆ ಐವತ್ತು ನಿಮಿಷ ಉಳಿತು, ತಿಂಗಳಿಗೆ ಇಪ್ಪತ್ತು ಗಂಟೆ, ಮತ್ತೆ ರೈನ್‌ಕೋಟಿನ ಬದಲು ಒಂದು ಕೊಡೆ ಸಾಕು. ಅಮ್ಮ ಮಾತ್ರ ಇನ್ನೂ ನನ್ನನ್ನು ಕ್ಷಮಿಸ್ಲಿಲ್ಲ. ಬಸಳೆಯನ್ನು ಗೋಣಿಯಲ್ಲಿ ಮಣ್ಣು ತುಂಬಿಸಿ ಸನ್‌ಶೇಡಿನ ಮೇಲೆ ಹಬ್ಬಿಸಿದ್ದಾರೆ, ಪ್ರತಿ ಸಲ ಕೊಯ್ಯುವಾಗ ಹಳೆ ಮನೆಯ ಬಸಳೆ ಎಷ್ಟು ದಪ್ಪ ಇತ್ತು ಅಂತ ನನಗೆ ಕೇಳುವ ಹಾಗೆ ಹೇಳ್ತಾರೆ. ಅವರು ಹೇಳುದು ಸರಿಯೇ.

ಹಾಗಾಗಿ ನೀವು ಕೊಟ್ಟ ಎರಡರಲ್ಲಿ ನಾನು ಎರಡನ್ನೂ ಆರಿಸುದಿಲ್ಲ. ಉಪ್ಪಳ ಅಥವಾ ಮಂಜೇಶ್ವರ ಸ್ಟೇಷನಿಗೆ ನಡೆಯುವ ದೂರದಲ್ಲಿ ಆರೇಳು ಸೆಂಟ್ಸಿನ, ಸಾವಿರದ ಇನ್ನೂರು ಚದರಡಿಯ ಮನೆ ಹುಡುಕಿ ನೋಡಿ. ಸೆಂಟ್ಸಿನ ರೇಟು ಬಾಯಾರಿಗಿಂತ ತುಂಬಾ ಜಾಸ್ತಿ ಹೇಳ್ತಾರೆ, ಹೇಳ್ಲಿ. ಅದು ಸಿಗದೇ ಹೋದ್ರೆ, ಅಪ್ಪ ಅಮ್ಮನೂ ಬರುದಿಲ್ಲ ಅಂತಾದ್ರೆ, ಫ್ಲಾಟ್ ತಗೊಳ್ಳಿ. ಅವರು ಖಂಡಿತ ಬರ್ತಾರೆ ಅಂದ್ರೆ ಬಾಯಾರು, ಆದ್ರೆ ದಾರಿಯ ಕಷ್ಟ ನಿಮ್ಮದು ಅಂತ ಗೊತ್ತಿದ್ದು ತಗೊಳ್ಳಿ, ಆಮೇಲೆ ಅವರ ಮೇಲೆ ಸಿಟ್ಟು ಮಾಡ್ಬೇಡಿ.

ಅಡ್ವಾನ್ಸ್ ಕೊಡುವ ಮೊದಲು ಜುಲೈಯಲ್ಲಿ ಒಂದು ವಾರ ಬಾಯಾರಲ್ಲಿ ಯಾರದ್ದಾದ್ರೂ ಮನೆಯಲ್ಲಿ ಉಳ್ಕೊಂಡು ಅಲ್ಲಿಂದಲೇ ಡ್ಯೂಟಿಗೆ ಹೋಗಿ, ಮಗುವನ್ನೂ ಕರ್ಕೊಂಡು. ಬುಧವಾರ ರಾತ್ರಿ ಹೆಂಡತಿ ಎಂತ ಹೇಳ್ತಾರೆ ಅಂತ ಇಲ್ಲಿ ಬರೀರಿ. ಮತ್ತೆ ಆ ಬಾವಿ ನೀವು ಯಾವ ತಿಂಗಳಲ್ಲಿ ನೋಡಿದ್ದು? ಮೇ ತಿಂಗಳಲ್ಲಿ ಇನ್ನೊಮ್ಮೆ ಹೋಗಿ ಬಗ್ಗಿ ನೋಡಿ.