ಬೋರ್ಡಿನಲ್ಲಿ ಜಾಗ ಉಳಿಸಲು ರೆಸಿಸ್ಟರ್ ನೆಟ್‌ವರ್ಕ್: ಎಲ್ಲಿ ಹಾಕಬೇಕು, ಎಲ್ಲಿ ಹಾಕಬಾರದು

ನಮಸ್ಕಾರ. ಗದಗ ಭಾಗದ ಕೊಳವೆಬಾವಿಗಳಿಗಾಗಿ ತಾವು ಮಾಡುತ್ತಿರುವ ತ್ರೀ ಫೇಸ್ ಪಂಪ್‌ಸೆಟ್ ಕಂಟ್ರೋಲರಿನ ಬೋರ್ಡು ಪೆಟ್ಟಿಗೆಯಲ್ಲಿ ಹಿಡಿಸುತ್ತಿಲ್ಲ, ಅದರ ಮೇಲಿರುವ ಮೂವತ್ತಕ್ಕೂ ಹೆಚ್ಚು ಕಾಲು ವ್ಯಾಟಿನ ರೆಸಿಸ್ಟರುಗಳ ಬದಲು, ಹಲವು ರೆಸಿಸ್ಟರುಗಳನ್ನು ಒಂದೇ ಭಾಗದಲ್ಲಿ ಸೇರಿಸಿದ ರೆಸಿಸ್ಟರ್ ನೆಟ್‌ವರ್ಕ್ ಹಾಕಿದರೆ ಜಾಗ ಉಳಿಯುತ್ತದೆಯೇ ಎಂದು ಕೇಳಿದ್ದೀರಿ. ಹುಬ್ಬಳ್ಳಿಯ ಗೋಕುಲ ರಸ್ತೆಯಲ್ಲಿ ಇಂಥವೇ ಬೋರ್ಡುಗಳ ಕೆಲಸ ಮಾಡುವವನಾಗಿ ಹೇಳುವುದಾದರೆ, ಉಳಿಯುತ್ತದೆ, ಆದರೆ ಎಲ್ಲ ಕಡೆ ಅಲ್ಲ. ರೆಸಿಸ್ಟರುಗಳು ಎಷ್ಟಿವೆ ಎಂಬುದಕ್ಕಿಂತ, ಅವುಗಳಲ್ಲಿ ಎಷ್ಟರ ಒಂದು ತುದಿ ಒಂದೇ ಕಡೆಗೆ ಹೋಗಿ ಸೇರುತ್ತದೆ ಎಂಬುದನ್ನು ಮೊದಲು ನೋಡಬೇಕು.

ನಿಮ್ಮ ಎಂಟು ಇನ್‌ಪುಟ್‌ಗಳನ್ನೇ ತೆಗೆದುಕೊಳ್ಳಿ. ಪ್ರತಿಯೊಂದಕ್ಕೂ, ಸ್ವಿಚ್ ತೆರೆದಿರುವಾಗ ಅದನ್ನು 5 ವೋಲ್ಟಿನತ್ತ ಎಳೆದು ಹಿಡಿಯುವ 10 ಕಿಲೋ ಓಮಿನ ಪುಲ್‌-ಅಪ್ ಇದೆ, ಎಂಟರ ಇನ್ನೊಂದು ತುದಿಯೂ 5 ವೋಲ್ಟಿಗೆ ಸೇರುತ್ತದೆ. ಇವುಗಳನ್ನು ಮಲಗಿಸಿ ಕೂರಿಸಿದರೆ ಬೆಸುಗೆಯ ಪ್ಯಾಡುಗಳೂ ಸೇರಿ ಸುಮಾರು 12 ಮಿಲಿಮೀಟರ್ ಅಗಲ, 20 ಮಿಲಿಮೀಟರ್ ಉದ್ದದ ಜಾಗ ಬೇಕು. ಇದೇ ಎಂಟೂ ರೆಸಿಸ್ಟರುಗಳು ಎಲ್ಲ ಕಾಲುಗಳೂ ಒಂದೇ ಸಾಲಿನಲ್ಲಿರುವ, ಎಂಟು ಬಿಡಿ ಪಿನ್ನುಗಳೂ ಎಲ್ಲವೂ ಸೇರುವ ಒಂದು ಕಾಮನ್ ಪಿನ್ನೂ ಇರುವ 9 ಪಿನ್ನಿನ ಒಂದು ಸಿಪ್ ನೆಟ್‌ವರ್ಕಿನಲ್ಲಿ ಸಿಗುತ್ತವೆ. ಅದು ನೇರವಾಗಿ ನಿಲ್ಲುವುದರಿಂದ 23 ಮಿಲಿಮೀಟರ್ ಉದ್ದ, ಎರಡೂವರೆ ಮಿಲಿಮೀಟರ್ ಅಗಲದಷ್ಟು ಜಾಗ ಸಾಕು, ಅಂದರೆ ಮೊದಲಿನದರ ಕಾಲು ಭಾಗ. ಹದಿನಾರು ಕಾಲುಗಳಿದ್ದ ಕಡೆ ಒಂಬತ್ತೇ ಉಳಿಯುವುದರಿಂದ ರಂಧ್ರಗಳೂ ಬೆಸುಗೆಗಳೂ ಕಡಿಮೆಯಾಗುತ್ತವೆ.

ಡಿಸ್‌ಪ್ಲೇಯ ಎಂಟು 220 ಓಮಿನ ರೆಸಿಸ್ಟರುಗಳ ವಿಷಯ ಬೇರೆ. ಅಲ್ಲಿ ಪ್ರತಿ ಸೆಗ್ಮೆಂಟಿಗೂ (ಅಂಕೆಯಲ್ಲಿ ಬೆಳಗುವ ಒಂದೊಂದು ತುಂಡಿಗೂ) ರೆಸಿಸ್ಟರಿನ ಎರಡೂ ತುದಿಗಳು ಪ್ರತ್ಯೇಕವಾಗಿಯೇ ಇರಬೇಕಾದ್ದರಿಂದ ಕಾಮನ್ ಪಿನ್ನಿನ ನೆಟ್‌ವರ್ಕ್ ನಡೆಯುವುದಿಲ್ಲ. ಒಳಗಿನ ರೆಸಿಸ್ಟರುಗಳು ಒಂದಕ್ಕೊಂದು ಸೇರದ, ಬಿಡಿ ಬಿಡಿಯಾಗಿರುವ ಬಗೆಯದೇ ಬೇಕು. ಎಂಟು ರೆಸಿಸ್ಟರುಗಳಿಗೆ ಮತ್ತೆ ಹದಿನಾರು ಕಾಲುಗಳಾಗುತ್ತವೆ. ಆದ್ದರಿಂದ ಇಲ್ಲಿ ಲಾಭ ಇದೆಯಾದರೂ ಮೊದಲಿನಷ್ಟಿಲ್ಲ. ಈ ಭಾಗಕ್ಕೆ ಮೇಲ್ಮೈಗೆ ಬೆಸೆಯುವ, ನಾಲ್ಕು ರೆಸಿಸ್ಟರುಗಳ ಚಿಪ್ ಅರೇ ನನಗೆ ಹೆಚ್ಚು ಸರಿ ಎನಿಸುತ್ತದೆ. 0603 ಎಂಬ ಸಂಕೇತದ ಅಳತೆಯ ನಾಲ್ಕರ ಅರೇ 3.2 ಮಿಲಿಮೀಟರ್ ಉದ್ದ, 1.6 ಮಿಲಿಮೀಟರ್ ಅಗಲ ಇರುತ್ತದೆ, ಕೈಯಿಂದಲೂ ಬೆಸೆಯಬಹುದು. 0402 ಅಳತೆಯ ಅರೇಯಲ್ಲಿ ಒಂದು ಪ್ಯಾಡಿನ ಮಧ್ಯದಿಂದ ಪಕ್ಕದ್ದರ ಮಧ್ಯಕ್ಕೆ ಅರ್ಧ ಮಿಲಿಮೀಟರ್ ಮಾತ್ರ. ಯಂತ್ರವಿಲ್ಲದವರು ಅದರ ತಂಟೆಗೆ ಹೋಗದಿರುವುದು ಒಳ್ಳೆಯದು.

ಇನ್ನು ಡಿಪ್ ಸ್ವಿಚ್ಚಿನ (ಬೋರ್ಡಿನ ಮೇಲೆ ಸಾಲಾಗಿರುವ ಪುಟ್ಟ ಸ್ವಿಚ್ಚುಗಳ) ಎಂಟು ಪುಲ್‌-ಅಪ್‌ಗಳಿಗೆ ನೆಟ್‌ವರ್ಕೂ ಬೇಡ. ಬೋರ್ಡನ್ನು ನಡೆಸುವ ನಿಮ್ಮ ಎಟಿಮೆಗಾ32 ಮೈಕ್ರೋಕಂಟ್ರೋಲರ್ ಚಿಪ್ಪಿನ ಒಳಗೇ 20ರಿಂದ 50 ಕಿಲೋ ಓಮಿನ ಪುಲ್‌-ಅಪ್‌ಗಳಿವೆ, ಪ್ರೋಗ್ರಾಮಿನಲ್ಲಿ ಅವನ್ನು ಚಾಲೂ ಮಾಡಿದರೆ ಸಾಕು. ಆದರೆ ಬಾವಿಯ ಸೆನ್ಸರಿನಿಂದ ಉದ್ದದ ವೈರಿನಲ್ಲಿ ಬರುವ ಇನ್‌ಪುಟ್‌ಗಳಿಗೆ ಇವು ತೀರ ದುರ್ಬಲ, ಅಲ್ಲಿ ಹೊರಗಿನ ರೆಸಿಸ್ಟರುಗಳನ್ನು ಬಿಡಬೇಡಿ. ಹಾಗೆಯೇ ರಿಲೇಗಳಿಗೆ ಬಿಡಿ ಟ್ರಾನ್ಸಿಸ್ಟರುಗಳ ಬದಲು, ಅಂಥವು ಹಲವನ್ನು ಒಂದೇ ಚಿಪ್ಪಿನಲ್ಲಿ ಸೇರಿಸಿದ ಯುಎಲ್‌ಎನ್2003 ಹಾಕಿದರೆ, ಅದರ ಪ್ರತಿ ಇನ್‌ಪುಟ್ಟಿನೊಳಗೆ 2.7 ಕಿಲೋ ಓಮಿನ ರೆಸಿಸ್ಟರ್ ಮೊದಲೇ ಇರುವುದರಿಂದ ಬೇಸ್ ರೆಸಿಸ್ಟರುಗಳೂ ಹೋಗುತ್ತವೆ, ರಿಲೇಗಳಿಗೆ ಅಡ್ಡಲಾಗಿ ಹಾಕುವ ಡಯೋಡುಗಳೂ ಒಳಗೇ ಇರುವುದರಿಂದ ಅವೂ ಹೋಗುತ್ತವೆ. ಸಣ್ಣ ಭಾಗವನ್ನು ಹುಡುಕುವ ಮೊದಲು ಬೇಡದ ಭಾಗವನ್ನು ಹುಡುಕಿ ಎಂದು ನಾನು ಎಲ್ಲರಿಗೂ ಒತ್ತಿ ಹೇಳುತ್ತೇನೆ.

ಯಾವ ಕಾರಣಕ್ಕೂ ನೆಟ್‌ವರ್ಕ್ ಹಾಕಬಾರದ ಜಾಗವೆಂದರೆ 415 ವೋಲ್ಟಿನ ಲೈನನ್ನು ಅಳೆಯಲು ವೋಲ್ಟೇಜನ್ನು ಭಾಗಿಸಿ ಇಳಿಸುವ ರೆಸಿಸ್ಟರುಗಳ ಸಾಲು, ಅಂದರೆ ಡಿವೈಡರ್. ಚಿಪ್ ಅರೇಗಳ ಒಂದೊಂದು ರೆಸಿಸ್ಟರ್ ಸಾಮಾನ್ಯವಾಗಿ 50 ವೋಲ್ಟಿಗಷ್ಟೇ ತಾಳುತ್ತದೆ, ಮೇಲಾಗಿ ಪಕ್ಕಪಕ್ಕದ ಪ್ಯಾಡುಗಳು ತೀರ ಹತ್ತಿರವಿರುವುದರಿಂದ ಧೂಳು, ತೇವ ಕೂತಾಗ ನಡುವೆ ಕಿಡಿ ಹಾರುವ ಅಪಾಯವಿದೆ. ಹೊಲದಲ್ಲಿ ಒದ್ದೆ ಕೈಯಲ್ಲಿ ಪೆಟ್ಟಿಗೆ ಮುಟ್ಟುವವರ ಜೀವದ ಪ್ರಶ್ನೆ ಇದು. ಅಲ್ಲಿ ಬಿಡಿ ರೆಸಿಸ್ಟರುಗಳನ್ನೇ ಮೂರ್ನಾಲ್ಕು ಸಾಲಾಗಿ ಜೋಡಿಸಿ, ಅವುಗಳ ಸುತ್ತ ಜಾಗವನ್ನು ಧಾರಾಳವಾಗಿ ಬಿಡಿ. ಬೇರೆ ಕಡೆ ಉಳಿಸಿದ ಜಾಗ ಇಲ್ಲಿಗೇ ಬೇಕಾಗುತ್ತದೆ.

ಶಾಖದ ಲೆಕ್ಕವನ್ನೂ ಒಮ್ಮೆ ಮಾಡಿ. ತಯಾರಕರ ಡೇಟಾಶೀಟಿನಲ್ಲಿ ಕೊಡುವ ವ್ಯಾಟೇಜ್ ಸಾಮಾನ್ಯವಾಗಿ 70 ಡಿಗ್ರಿವರೆಗಿನದು, ಅದರಾಚೆ ಇಳಿಯುತ್ತ ಹೋಗುತ್ತದೆ. ಏಪ್ರಿಲ್ ಬಿಸಿಲಿನಲ್ಲಿ ನಿಂತ ತಗಡಿನ ಪೆಟ್ಟಿಗೆಯೊಳಗೆ ಇದನ್ನು ಮರೆಯುವಂತಿಲ್ಲ. ಪುಲ್‌-ಅಪ್‌ನಲ್ಲಿ ಖರ್ಚಾಗುವುದು ಎರಡೂವರೆ ಮಿಲಿವ್ಯಾಟ್, ಚಿಂತೆಯಿಲ್ಲ. ಸೆಗ್ಮೆಂಟಿನ ರೆಸಿಸ್ಟರಿನಲ್ಲಿ, ಎಲ್‌ಇಡಿಗೆ 2 ವೋಲ್ಟ್ ಹೋದರೆ ಉಳಿದ 3 ವೋಲ್ಟಿಗೆ ಸುಮಾರು 41 ಮಿಲಿವ್ಯಾಟ್ ಆಗುತ್ತದೆ, ಎರಡು ಅಂಕೆಗಳನ್ನು ಸರದಿಯಲ್ಲಿ ಬೆಳಗಿಸುವುದರಿಂದ ಸರಾಸರಿ ಅದರ ಅರ್ಧ. ಅರೇಯ ಪ್ರತಿ ರೆಸಿಸ್ಟರಿಗೆ 63 ಮಿಲಿವ್ಯಾಟ್ ಮಿತಿಯಿದ್ದರೆ ಸಾಕಾಗುತ್ತದೆ.

ಸಿಪ್ ನೆಟ್‌ವರ್ಕಿನಲ್ಲಿ ಚುಕ್ಕೆ ಇರುವ ಕಡೆಯದು ಒಂದನೆಯ ಪಿನ್, ಅದೇ ಕಾಮನ್. ಉಲ್ಟಾ ಕೂರಿಸಿದರೆ ಏನೂ ಸುಡುವುದಿಲ್ಲ, ಆದರೆ ಎಂಟನೆಯ ಇನ್‌ಪುಟ್ಟಿನ ಸ್ವಿಚ್ ಮುಚ್ಚಿದಾಗ ಎಂಟೂ ಮುಚ್ಚಿದಂತೆ ಕಾಣುತ್ತವೆ, ಬೇರೊಂದನ್ನು ಮುಚ್ಚಿದರೆ ಉಳಿದವುಗಳ ಮೇಲೆ ಎರಡೂವರೆ ವೋಲ್ಟ್ ನಿಂತು ಸ್ವಿಚ್ ತೆರೆದಿದೆಯೋ ಮುಚ್ಚಿದೆಯೋ ಚಿಪ್ಪಿಗೆ ತಿಳಿಯದಾಗುತ್ತದೆ. ದೋಷವನ್ನು ಪ್ರೋಗ್ರಾಮಿನಲ್ಲಿ ಹುಡುಕುತ್ತ ಕೂರಬೇಕಾಗುತ್ತದೆ. ಬೆಸೆಯುವ ಮೊದಲು ಮಲ್ಟಿಮೀಟರ್ ಹಿಡಿದು ನೋಡಿ: ಕಾಮನ್‌ನಿಂದ ಯಾವುದೇ ಪಿನ್ನಿಗೆ 10 ಕಿಲೋ ಓಮ್, ಉಳಿದ ಯಾವುದೇ ಎರಡು ಪಿನ್ನುಗಳ ನಡುವೆ 20 ಕಿಲೋ ಓಮ್ ಬರಬೇಕು. ಒಂದನೆಯ ಪಿನ್ನಿನ ಗುರುತನ್ನು ಭಾಗದ ಕೆಳಗೆ ಅಡಗುವಂತೆ ಮುದ್ರಿಸದೆ ಪಕ್ಕದಲ್ಲಿ ಮುದ್ರಿಸಿ, ಮುಂದೆ ರಿಪೇರಿಗೆ ಕೈ ಹಾಕುವವರಿಗೂ ಅದು ಕಾಣುತ್ತಿರಲಿ.