ಪಕ್ಕದ ಸೀಟಿನಲ್ಲಿ ಯಾರು?

ಪತ್ರ: ಮುಂದಿನ ವಿಶ್ವ ರ‍್ಯಾಲಿ ಸೀಸನ್‌ನಲ್ಲಿ ಯಾವ ತಂಡಕ್ಕೆ ಯಾರು ಡ್ರೈವರ್ ಅನ್ನೋದಷ್ಟೇ ನಮಗೆ ಬೇಕು. ಕಳೆದ ಲೇಖನದಲ್ಲಿ ಅರ್ಧ ಪುಟ ಪಕ್ಕದಲ್ಲಿ ಕೂತು ದಾರಿ ಹೇಳುವ ಕೋ-ಡ್ರೈವರ್‌ಗಳಿಗೇ ಹೋಯಿತು. ಕಾರು ಓಡಿಸುವವರು ಅವರಲ್ಲವಲ್ಲ? – ಒಬ್ಬ ಓದುಗ

ಉತ್ತರ: ಅರ್ಧ ಪುಟ ಕಮ್ಮಿಯಾಯಿತು ಅಂತ ನಾನು ಕೊರಗುತ್ತಿದ್ದೆ. ನಿಮಗೆ ಅದೇ ಜಾಸ್ತಿಯಾಯಿತಾ!

ನಿಮ್ಮ ಮಾತು ಪೂರ್ತಿ ತಪ್ಪಲ್ಲ. 22ನೇ ವಯಸ್ಸಿಗೇ ವಿಶ್ವ ಚಾಂಪಿಯನ್ ಆದ ಕಾಲೆ ರೋವನ್‌ಪೆರಾ 2025ರ ಕೊನೆಗೆ ರ‍್ಯಾಲಿ ಬಿಟ್ಟು ಹೊರಟಾಗ, ಅವರ ಜಾಗಕ್ಕೆ ಯಾರು ಅಂತ ನಾನೂ ತಲೆ ಕೆಡಿಸಿಕೊಂಡಿದ್ದೆ. ಅದು ಸಹಜ. ಆದರೆ ಜಾಗಗಳು ಎರಡು ಖಾಲಿಯಾಗುತ್ತವೆ, ಸ್ವಾಮಿ.

2021ರ ಜನವರಿ ನೆನಪಿಸಿಕೊಳ್ಳಿ. ಮಾಂಟೆ ಕಾರ್ಲೊ ರ‍್ಯಾಲಿ ಇನ್ನೇನು ಶುರುವಾಗಬೇಕು, ಹ್ಯುಂಡೈ ತಂಡದ ಡ್ರೈವರ್ ಥಿಯೆರಿ ನೂವಿಲ್ ಮತ್ತು ಅವರ ಕೋ-ಡ್ರೈವರ್ ನಿಕೊಲಾ ಜಿಲ್ಸುಲ್ ಬೇರೆಯಾದರು. ಡ್ರೈವರ್ ಹೆಸರಷ್ಟೇ ನೋಡುವವರಿಗೆ ಹ್ಯುಂಡೈನಲ್ಲಿ ಏನೂ ಬದಲಾಗಿರಲಿಲ್ಲ. ಮಾರ್ಟೈನ್ ವಿಡಾಗೆ ಎಂಬ ಹೊಸ ಕೋ-ಡ್ರೈವರ್ ತರಾತುರಿಯಲ್ಲಿ ಬಂದು ಕೂತರು. ಆ ರ‍್ಯಾಲಿಯಲ್ಲೇ ಮೂರನೇ ಸ್ಥಾನ ಬಂತು, 2024ರಲ್ಲಿ ಇದೇ ಜೋಡಿಗೆ ಚಾಂಪಿಯನ್ ಪಟ್ಟ.

ಇದೇನು ಸುಮ್ನೆ ಕೂರುವ ಕೆಲಸವಾ? ರೆಕಿಯಲ್ಲಿ, ಅಂದರೆ ಸ್ಪರ್ಧೆಗೆ ಮುಂಚೆ ದಾರಿ ನೋಡಿಕೊಳ್ಳುವಾಗ, ಪ್ರತಿ ಸ್ಟೇಜನ್ನು (ಸಮಯ ಅಳೆಯುವ ದಾರಿಯ ತುಂಡನ್ನು) ಎರಡೇ ಸಲ ನಿಧಾನವಾಗಿ ಓಡಿಸಿ ನೋಡಬಹುದು. ಡ್ರೈವರ್ ಹೇಳಿದ ತಿರುವುಗಳ ವಿವರ ಬರೆದುಕೊಂಡು, ತಿದ್ದಿ, ಆಮೇಲೆ ಕಾರು ಹಾರಿ ಕುಪ್ಪಳಿಸುವಾಗ ಸರಿಯಾದ ಹೊತ್ತಿಗೆ ಓದಬೇಕು. ಸ್ವಲ್ಪ ತಡವಾದರೆ ತಿರುವು ಮುಗಿದಿರುತ್ತದೆ, ಇಲ್ಲವೇ ಕಾರು. ಟೈಮ್ ಕಂಟ್ರೋಲ್, ಅಂದರೆ ನಿಗದಿತ ನಿಮಿಷಕ್ಕೇ ತಲುಪಬೇಕಾದ ತಪಾಸಣಾ ಜಾಗಗಳ ಲೆಕ್ಕವೂ ಅವರ ತಲೆಗೇ. ಒಂದು ನಿಮಿಷ ತಡವಾದರೆ 10 ಸೆಕೆಂಡ್ ದಂಡ, ಒಂದು ನಿಮಿಷ ಬೇಗ ಬಂದರೆ ಪೂರ್ತಿ ಒಂದು ನಿಮಿಷ.

ಅಪಾಯದಲ್ಲಿ ಅವರಿಗೆ ಯಾವ ರಿಯಾಯಿತಿಯೂ ಇಲ್ಲ. 2005ರ ಬ್ರಿಟನ್ ರ‍್ಯಾಲಿಯಲ್ಲಿ ಮಾರ್ಕೊ ಮಾರ್ಟಿನ್ ಕಾರು ಮರಕ್ಕೆ ಬಡಿದು ಕೋ-ಡ್ರೈವರ್ ಮೈಕಲ್ ಪಾರ್ಕ್ ತೀರಿಕೊಂಡರು. ಅಂದು ಗೆದ್ದಿದ್ದರೆ ಸೆಬಾಸ್ಟಿಯನ್ ಲೋಬ್ ಅಲ್ಲೇ ಚಾಂಪಿಯನ್. ಅವರು ಬೇಕೆಂದೇ ದಂಡ ತೆಗೆದುಕೊಂಡು ಹಿಂದೆ ಸರಿದರು. ಮಾರ್ಟಿನ್ ಪೂರ್ಣಾವಧಿ ಡ್ರೈವರ್ ಆಗಿ ಮತ್ತೆ ಬರಲೇ ಇಲ್ಲ. ಪಕ್ಕದ ಸೀಟಿನವರಿಗೂ ಯಾವ ತಂಡಕ್ಕೆ ಯಾರು ಡ್ರೈವರ್ ಅನ್ನೋದಕ್ಕೂ ಸಂಬಂಧವಿಲ್ಲ ಅಂತ ಇನ್ನೂ ಹೇಳ್ತೀರಾ?

ಹಳೆಯದೂ ಒಂದಿದೆ. 1955ರಲ್ಲಿ ಇಟಲಿಯ ಮಿಲ್ಲೆ ಮಿಲ್ಯಾ ರಸ್ತೆ ರೇಸನ್ನು ಸ್ಟರ್ಲಿಂಗ್ ಮಾಸ್ ಗೆದ್ದಾಗ ಪಕ್ಕದಲ್ಲಿ ಡೆನಿಸ್ ಜೆಂಕಿನ್ಸನ್ ಇದ್ದರು. ದಾರಿಯ ಟಿಪ್ಪಣಿಗಳನ್ನೆಲ್ಲ ಕಾಗದದ ಸುರುಳಿಯಲ್ಲಿ ಬರೆದುಕೊಂಡು, ಇಂಜಿನ್ ಸದ್ದಿನಲ್ಲಿ ಮಾತು ಕೇಳದೆಂದು ಕೈಸನ್ನೆಯಲ್ಲೇ ತಿರುವು ತೋರಿಸಿದರು. ಅವರು ಪತ್ರಕರ್ತರು. (ನಮ್ಮ ಜಾತಿಯವರೂ ಒಮ್ಮೊಮ್ಮೆ ಕೆಲಸಕ್ಕೆ ಬರುತ್ತಾರೆ.)

ನಿಜ ಹೇಳಬೇಕೆಂದರೆ ನನ್ನ ಸಿಟ್ಟು ನಿಮ್ಮ ಮೇಲಲ್ಲ, ನಮ್ಮ ಕಸುಬಿನ ಮೇಲೆ. ಇಬ್ಬರು ಬಾನೆಟ್ ಮೇಲೆ ನಿಂತ ಫೋಟೊ ಬಂದರೆ ಒಬ್ಬರನ್ನು ಕತ್ತರಿಸಿ ಹಾಕುತ್ತೇವೆ. 2025ರಲ್ಲಿ ಸೆಬಾಸ್ಟಿಯನ್ ಓಜಿಯೆ 9ನೇ ಸಲ ವಿಶ್ವ ಪಟ್ಟ ಗೆದ್ದಾಗ ಲೋಬ್ ದಾಖಲೆ ಸರಿಗಟ್ಟಿದರು ಅಂತ ಕುಣಿದೆವು. ಲೋಬ್ ಜೊತೆ ಕೂತು ಒಂಬತ್ತೂ ಗೆದ್ದ ಡೇನಿಯಲ್ ಎಲೆನಾರ ದಾಖಲೆ? ಅದನ್ನು ಯಾರೂ ಮುಟ್ಟಿಲ್ಲ. ಓಜಿಯೆಯ ಮೊದಲ ಎಂಟರಲ್ಲಿ ಪಕ್ಕದಲ್ಲಿದ್ದವರು ಜೂಲಿಯನ್ ಇಂಗ್ರಾಸಿಯಾ, ಒಂಬತ್ತನೆಯದರಲ್ಲಿ ವಿನ್ಸೆಂಟ್ ಲಾಂಡೆ. ಕೋ-ಡ್ರೈವರ್‌ಗಳಿಗೆ ಪ್ರತ್ಯೇಕ ವಿಶ್ವ ಪಟ್ಟವೇ ಇದೆ. ಅದು ನಮ್ಮ ಪುಟಗಳಲ್ಲಿ ಎಷ್ಟು ಸಲ ಕಂಡಿದೆ? "ಬಲ್ಲ ಮೂಲಗಳ ಪ್ರಕಾರ" ಅಂತ ಊಹೆ ಬರೆಯಲು ಮಾತ್ರ ಜಾಗ ಧಾರಾಳ.

ನೀವು ಕೇಳಿದ ಪಟ್ಟಿ ಮುಂದಿನ ಸಂಚಿಕೆಯಲ್ಲಿ ಬರುತ್ತದೆ. ಪ್ರತಿ ಕಾರಿಗೂ ಎರಡು ಹೆಸರು ಇರುತ್ತವೆ, ಈಗಲೇ ಹೇಳಿರುತ್ತೇನೆ.

– ಸಂಪಾದಕ